ವಧುವಿನ ಕೋಣೆಯಲ್ಲಿ ಸೋಮ

ಇಂಥ ಅನುಭವಗಳನ್ನು ಬರೆಯುವವರ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ಅಸಹನೆಯಿತ್ತು. ಜಿಲ್ಲಾ ಪುಟಕ್ಕೆ ಸುದ್ದಿ ಬರೆಯುತ್ತಲೇ ತಲೆಗೂದಲು ಬೆಳ್ಳಗಾದವನು ನಾನು. ದೇವರಾಯನದುರ್ಗದ ಕಾಡಿನಲ್ಲಿ ಓಡಾಡುವ ದೀಪ ನೋಡಲು ಹೋಗಿದ್ದೇನೆ. ಅದು ಜೇನು ಕೀಳುವವರ ಟಾರ್ಚಾಗಿತ್ತು. ಒಂದು ಹಳ್ಳಿಯಲ್ಲಿ ಕಣ್ಣೀರು ಸುರಿಸುವ ವಿಗ್ರಹ ನೋಡಿದ್ದೇನೆ. ಗುಡಿಯ ಮಾಡಿನ ಮೇಲಿನ ನೀರಿನ ತೊಟ್ಟಿ ಒಡೆದಿತ್ತು. ‘ಎನ್ನಲಾಗಿದೆ’ ಎಂದು ಸೇರಿಸದೆ ಯಾರ ಪವಾಡವನ್ನೂ ನಾನು ಅಚ್ಚಿಗೆ ಕಳಿಸಿದವನಲ್ಲ. ಈಗ ಹೇಳಲಿರುವ ಸಂಗತಿಗೂ ಒಂದು ಕಾರಣ ಇದ್ದೇ ಇರಬೇಕು. ಹುಡುಕಿದ್ದೇನೆ, ನನಗೆ ಸಿಕ್ಕಿಲ್ಲ. ಓದುಗರಿಗೆ ಹೊಳೆದರೆ ನಾನು ಸಂತೋಷದಿಂದ ಒಪ್ಪಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಆಷಾಢ. ಆ ತಿಂಗಳು ನಮ್ಮಲ್ಲಿ ಮದುವೆಗಳಿಲ್ಲದ್ದರಿಂದ ತುಮಕೂರಿನ ಕಲ್ಯಾಣ ಮಂಟಪವೊಂದು ಕಲಾವಿದರ ಗುಂಪಿನ ಪ್ರದರ್ಶನಕ್ಕೆ ಸಲೀಸಾಗಿ ಸಿಕ್ಕಿತ್ತು. ಎಲ್ಲರೂ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯವರೇ. ಮುಖವಾಡ ಮತ್ತು ಪ್ರೊಜೆಕ್ಷನ್ ಅವರು ಆರಿಸಿಕೊಂಡಿದ್ದ ವಿಷಯ. ಆಹ್ವಾನ ಪತ್ರಿಕೆಯಲ್ಲಿದ್ದ ವಿವರಣೆ ನನಗೆ ಅರ್ಥವಾಗದೆ ಅಲ್ಲೇ ಇದ್ದ ಕಲಾವಿದನೊಬ್ಬನನ್ನು ಕೇಳಿದೆ. “ಮುಖದ ಮೇಲೆ ಇನ್ನೊಂದು ಮುಖ ಬಿಡೋದು ಸರ್, ಅಷ್ಟೇ” ಎಂದ. ಅಷ್ಟು ಸಾಕಾಗಿತ್ತು.

ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದು ಹಗಲಲ್ಲೇ ಕತ್ತಲು ಮಾಡಿದ್ದರು. ಊಟದ ಮನೆಯಲ್ಲಿ ಕುಣಿಗಲ್ಲಿನ ಯುವಕನೊಬ್ಬ ಕೊರೊನಾ ಕಾಲದಲ್ಲಿ ಉಳಿದ ಬಟ್ಟೆ ಮಾಸ್ಕುಗಳನ್ನು ಸಾಲಾಗಿ ನೇತುಹಾಕಿ, ಅವುಗಳ ಮೇಲೆ ಮಾತಾಡುವ ಬಾಯಿಗಳ ಚಿತ್ರ ಬಿಟ್ಟಿದ್ದ. ನೋಡಲು ಬಂದಿದ್ದ ಅಜ್ಜಿಯೊಬ್ಬರು, “ಊಟದ ಮನೇಲಿ ಬರೀ ಬಾಯಿಗಳ್ನೇ ಇಟ್ಟವ್ರಲ್ಲಪ್ಪ, ಬಡ್ಸೋರು ಎಲ್ಲಿ?” ಎಂದು ಎಲ್ಲರನ್ನೂ ನಗಿಸಿದರು. ನನ್ನ ವರದಿಯ ಮೊದಲ ಸಾಲು ಅದೇ ಆಯಿತು.

ಮಹಡಿಯ ಮೇಲೆ ‘ವಧುವಿನ ಕೊಠಡಿ’ ಎಂಬ ಫಲಕವಿದ್ದ ಕೋಣೆಯಲ್ಲಿ ಭಾಗ್ಯ ಅವರ ಕೃತಿಯಿತ್ತು. ಆಕೆ ಗುಬ್ಬಿಯ ಒಂದು ಹೈಸ್ಕೂಲಿನ ಡ್ರಾಯಿಂಗ್ ಮೇಡಂ. ಅವರ ಮನೆತನದ ಗಂಡಸರು ಊರಲ್ಲಿ ಸೋಮನನ್ನು ಹೊರುವವರು. ಸೋಮನೆಂದರೆ ಊರಮ್ಮನ ಕಾವಲಿನವನು. ಮರದಲ್ಲಿ ಕಡೆದು ಬಣ್ಣ ಹಾಕಿದ, ಕೋರೆಹಲ್ಲಿನ ದೊಡ್ಡ ಕೆಂಪು ಮುಖ. ಅದನ್ನು ತೊಟ್ಟು ಕುಣಿಯುತ್ತಾರೆ, ಉಳಿದ ದಿನಗಳಲ್ಲಿ ಗುಡಿಯ ಪೆಟ್ಟಿಗೆಯಲ್ಲಿ ಮುಚ್ಚಿಡುತ್ತಾರೆ. ಭಾಗ್ಯ ತೆಳ್ಳಗಿನ ಕಾಗದವನ್ನು ಗಂಜಿಯಲ್ಲಿ ಅದ್ದಿ, ಪದರ ಪದರವಾಗಿ ಅಂಟಿಸಿ, ಅದೇ ಆಕಾರದ ಬಿಳಿ ಮುಖವಾಡ ಮಾಡಿದ್ದರು. ಪ್ರೊಜೆಕ್ಟರನ್ನು ಅದರ ಹಿಂದೆ ಇಟ್ಟಿದ್ದರು. ನಿಜವಾದ ಸೋಮನ ವಿಡಿಯೊ ಹಿಂದಿನಿಂದ ಬಂದು ಬಿಳಿ ಕಾಗದವನ್ನು ತುಂಬಿದಾಗ, ಮುಖ ಒಳಗಿನಿಂದಲೇ ಮೂಡಿಬಂದ ಹಾಗೆ ಕಾಣುತ್ತಿತ್ತು. ವಿಡಿಯೊ ಶುರುವಾದಾಗ ಎರಡು ಕೈಗಳು ಬಂದು ಮುಖದ ಎರಡೂ ಪಕ್ಕಕ್ಕೆ ಒಂದೊಂದು ಸೇವಂತಿಗೆ ಮುಡಿಸಿ ಹೋಗುತ್ತವೆ. ಆಮೇಲೆ ಸುಮ್ಮನೆ ಮುಖ, ಅದರ ಮೇಲೆ ದೀಪದ ಅಲುಗಾಟ. ಮುಗಿದರೆ ಮತ್ತೆ ಮೊದಲಿನಿಂದ.

ಆ ಕೈಗಳು ಯಾರವೆಂದು ಕೇಳಿದೆ. “ನಮ್ಮಪ್ಪಂದು ಸರ್” ಎಂದರು ಪಕ್ಕದಲ್ಲಿದ್ದ ಭಾಗ್ಯ. ಉಳಿದದ್ದನ್ನೂ ಹೇಳಿದರು.

ನಮ್ಮ ಕಡೆ ದೇವರನ್ನು ಹೂ ಕೇಳುವ ಪದ್ಧತಿ ಇದೆ. ದೇವರ ಎರಡೂ ಪಕ್ಕ ಒದ್ದೆ ಹೂ ಇಟ್ಟು, ಕೇಳುವುದನ್ನು ಕೇಳಿ, ಕಾಯುತ್ತಾರೆ. ಬಲಗಡೆಯ ಹೂ ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಎಡ ಬಲ ಎಂದರೆ ದೇವರದ್ದು. ಎದುರು ಕೂತವರಿಗೆ ದೇವರ ಬಲ ತಮ್ಮ ಎಡಕ್ಕೆ ಕಾಣುತ್ತದೆ. ಭಾಗ್ಯ ಅವರ ಊರಲ್ಲಿ ಹೂ ಕೇಳದೆ ಸೋಮನನ್ನು ಪೆಟ್ಟಿಗೆಯಿಂದ ಎತ್ತುವಂತಿಲ್ಲ. ಮಗಳು ವಿಡಿಯೊ ಬೇಕೆಂದಾಗ ತಂದೆ, “ಹೊರೋನು ನಾನು. ನನ್ ಕೇಳ್ದಲ್ಲ, ಸಾಕು ಬುಡು” ಎಂದು ನಗುತ್ತ ಎತ್ತಿ ಕೂರಿಸಿದ್ದರಂತೆ. ಆ ತಿಂಗಳು ಮುಗಿಯುವುದರೊಳಗೆ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತು ನಿಂತಿತು. ಹೂ ಕೇಳದೆ ಎತ್ತಿಸಿದ್ದಕ್ಕೇ ಹೀಗಾಯಿತೆಂದು ಊರು ತೀರ್ಮಾನಿಸಿತು. ತಂದೆಯ ತಮ್ಮ ಗಂಗಣ್ಣ ಅಂದಿನಿಂದ ಭಾಗ್ಯ ಅವರ ಜೊತೆ ಮಾತು ಬಿಟ್ಟಿದ್ದರು.

“ನಾನು ಅದನ್ನೆಲ್ಲ ನಂಬಲ್ಲ ಸರ್” ಎಂದರು ಭಾಗ್ಯ. “ಆದ್ರೆ ಅಪ್ಪಂಗೆ ಊಟ ತಿನ್ನಿಸ್ತೀನಲ್ಲ, ಆವಾಗ ನಂಬ್ತೀನಿ.”

ಇದನ್ನು ನಾನು ಬರೆಯಲಿಲ್ಲ. ವರದಿಯಲ್ಲಿ ಅವರ ಕೃತಿಯ ಬಗ್ಗೆ ಇದ್ದದ್ದು ಎರಡೇ ವಾಕ್ಯ, ಜೊತೆಗೆ ಒಂದು ಫೋಟೊ. ಆ ಫೋಟೊ ನೋಡಿಯೇ ಗಂಗಣ್ಣ ಮಾರನೆಯ ದಿನ ಸಂಜೆ ಬಸ್ಸು ಹತ್ತಿ ಬಂದರು.

ಫೋಟೊ ಚೆನ್ನಾಗಿ ಬಂದಿಲ್ಲವೆಂದು ಆಫೀಸಿನಲ್ಲಿ ಹೇಳಿದ್ದರಿಂದ ಇನ್ನೊಂದಷ್ಟು ತೆಗೆಯಲು ನಾನೂ ಆಗ ಅಲ್ಲಿಗೆ ಹೋಗಿದ್ದೆ. ಗಂಗಣ್ಣನದು ಬಿಳಿ ಪಂಚೆ, ಹೆಗಲ ಮೇಲೊಂದು ಟವೆಲು, ಗಟ್ಟಿ ಆಳು. ಜಗಳಕ್ಕೇ ಬಂದಿದ್ದರೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಚಪ್ಪಲಿಯನ್ನು ಹೊರಗೆ ಬಿಟ್ಟು ಕೋಣೆಯೊಳಗೆ ಕಾಲಿಟ್ಟವರು ಮುಖವಾಡವನ್ನು ಕಂಡು ಹಾಗೇ ನಿಂತರು. ವಿಡಿಯೊ ಮತ್ತೆ ಶುರುವಾಗಿ ಅಣ್ಣನ ಕೈಗಳು ಬಂದು ಹೂ ಮುಡಿಸಿ ಹೋದವು. ಗಂಗಣ್ಣ ಟವೆಲನ್ನು ಸೊಂಟಕ್ಕೆ ಕಟ್ಟಿಕೊಂಡರು.

“ಆವತ್ತು ಕೇಳ್ನಿಲ್ಲ ನೀವು. ಇವತ್ತು ನಾನು ಕೇಳ್ತೀನಿ” ಎಂದರು.

“ಅದು ಕಾಗ್ದ ಚಿಕ್ಕಪ್ಪ” ಎಂದರು ಭಾಗ್ಯ.

“ಅದು ಮರ ಕಣವ್ವ ಹಂಗಾದ್ರೆ, ಊರಲ್ಲಿರೋದು.”

ಭಾಗ್ಯ ಹೊರಗೆ ಹೋಗಿ ಪಡಸಾಲೆಯ ಗೋಡೆಗೆ ಮುಖ ಮಾಡಿ ನಿಂತರು. ಕೋಣೆಯಲ್ಲಿ ಉಳಿದವರು ಗಂಗಣ್ಣ ಮತ್ತು ನಾನು. ನಾನು ಅಭ್ಯಾಸದಂತೆ ಮೊಬೈಲಿನಲ್ಲಿ ವಿಡಿಯೊ ರೆಕಾರ್ಡಿಂಗ್ ಹಾಕಿಕೊಂಡು ಬಾಗಿಲ ಹತ್ತಿರ ನಿಂತೆ. ಗಂಗಣ್ಣ ಮುಖವಾಡದ ಎದುರು ಕೂತು ಕೈ ಮುಗಿದರು. “ಅಪ್ಪಾ, ಮಗು ತಪ್ಪು ಮಾಡಿದ್ರೆ ಎಡಕ್ಕೆ ಕೊಡು. ತಪ್ಪಿಲ್ಲ ಅಂದ್ರೆ ಬಲಕ್ಕೆ ಕೊಡು. ಸತಾಯಿಸ್ಬೇಡ” ಎಂದರು.

ನಾನು ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ನಮ್ಮ ಎಡಕ್ಕಿದ್ದ ಸೇವಂತಿಗೆ ಒಮ್ಮೆ ಓರೆಯಾಯಿತು. ಒದ್ದೆ ಹೂ ಜಾರುವ ಹಾಗೆ ನಿಧಾನವಾಗಿ ಕೆನ್ನೆಯ ಮೇಲೆ ಜಾರಿ, ಕೋರೆಹಲ್ಲಿನ ಹತ್ತಿರ ಸ್ವಲ್ಪ ತಡೆದು, ಗದ್ದ ದಾಟಿತು. ಕಾಗದ ಮುಗಿಯುವ ಅಂಚಿನಲ್ಲಿ ಇಲ್ಲವಾಯಿತು. ಅದಿದ್ದ ಜಾಗದಲ್ಲಿ ಕೆಂಪು ಬಣ್ಣ ಬರಿದಾಗಿ ಕಾಣುತ್ತಿತ್ತು. ಇನ್ನೊಂದು ಹೂ ತನ್ನ ಜಾಗದಲ್ಲೇ ಇತ್ತು.

“ಕೊಟ್ಟ! ಬಲಕ್ಕೆ ಕೊಟ್ಟ ಕಣವ್ವಾ!” ಎಂದು ಗಂಗಣ್ಣ ಕೂಗಿಕೊಂಡರು. ಕೂತಲ್ಲೇ ಅಳತೊಡಗಿದರು. ಭಾಗ್ಯ ಓಡಿ ಬಂದರು. ಅಷ್ಟರಲ್ಲಿ ವಿಡಿಯೊ ಮೊದಲಿಗೆ ಬಂದು, ಕೈಗಳು ಮತ್ತೆ ಎರಡು ಹೂ ಮುಡಿಸುತ್ತಿದ್ದವು.

ಅದಾದ ಮೇಲೆ ನಾವು ಆ ವಿಡಿಯೊವನ್ನು ಎಷ್ಟು ಸಲ ನೋಡಿದೆವೋ ಲೆಕ್ಕವಿಲ್ಲ. ಮುಖವಾಡದ ಮೇಲೆ ನೋಡಿದೆವು, ಲ್ಯಾಪ್‌ಟಾಪಿನಲ್ಲಿ ನೋಡಿದೆವು. ಹೂಗಳು ಅಲುಗಲಿಲ್ಲ. ಬೆಳಕಿಗೆ ಹುಳ ಬಂದು ನೆರಳಾಡಿರಬಹುದು ಎಂದುಕೊಂಡೆ. ನೆರಳಾದರೆ ಕಪ್ಪಗಿರುತ್ತದೆ, ನಾನು ಕಂಡದ್ದು ಹಳದಿ. ಫ್ಯಾನಿನ ಗಾಳಿಗೆ ಕಾಗದ ಅಲುಗಿತೆಂದರೆ ಇಡೀ ಮುಖ ಅಲುಗಬೇಕಿತ್ತು. ಕೊನೆಗೆ ನನ್ನ ಮೊಬೈಲು ತೆರೆದೆ. ಅದರಲ್ಲಿಯೂ ಎರಡೂ ಹೂಗಳು ಕೊನೆಯ ತನಕ ಇದ್ದ ಹಾಗೇ ಇವೆ. ಆದರೆ ಗಂಗಣ್ಣ ಕೂಗುವುದಕ್ಕೆ ಸ್ವಲ್ಪ ಮೊದಲು ಇನ್ನೊಂದು ದನಿ ಮೆಲ್ಲಗೆ “ಬಿತ್ತು” ಎನ್ನುತ್ತದೆ. ಅದು ನನ್ನ ದನಿ. ನಾನು ಬಾಯಿ ತೆರೆದ ನೆನಪು ನನಗಿಲ್ಲ.

ವರದಿಗಾರನಿಗೆ ಇದು ಸಣ್ಣ ತೊಡಕಲ್ಲ. ಇಬ್ಬರು ಸಾಕ್ಷಿಗಳು ಬೇರೆ ಬೇರೆಯಾಗಿ ಒಂದನ್ನೇ ಕಂಡರೆ ಅದಕ್ಕೆ ತೂಕವಿದೆ. ನಾನು ಮೊದಲು ಅಂದದ್ದನ್ನು ಕೇಳಿ ಗಂಗಣ್ಣನಿಗೆ ಹಾಗೆ ಕಂಡಿದ್ದರೆ, ಉಳಿಯುವುದು ನಾನೊಬ್ಬನೇ. ಕೇಳಿದರೆ ಅವರು, “ನೀವು ಮಾತಾಡಿದ್ದು ನಾನು ಕೇಳ್ಲೇ ಇಲ್ಲ ಸಾ” ಎಂದರು.

ಗಂಗಣ್ಣ ಭಾಗ್ಯ ಅವರ ತಲೆ ನೇವರಿಸಿ, ಮನೆಗೆ ಬಾ ಎಂದು ಕರೆದು, ಬಸ್ಸಿಗೆ ಹೋದರು. ಅವರು ಮೆಟ್ಟಿಲಿಳಿದ ಮೇಲೆ ಭಾಗ್ಯ ನನ್ನನ್ನು ಕೇಳಿದರು, “ಸರ್, ನಿಮಗೆ ಯಾವ ಕಡೆ ಬಿದ್ದ ಹಾಗೆ ಕಾಣ್ತು?”

“ನಮ್ಮ ಎಡಕ್ಕೆ. ಅಂದರೆ ದೇವರ ಬಲಕ್ಕೆ.”

ಅವರು ಅಲ್ಲವೆಂದು ತಲೆ ಅಲ್ಲಾಡಿಸಿದರು. ಪ್ರೊಜೆಕ್ಟರು ಹಿಂದೆ ಇದ್ದರೆ ಎದುರು ನಿಂತವರಿಗೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಕಾಣುತ್ತದೆ. ಅದನ್ನು ಸರಿಪಡಿಸಲು ಯಂತ್ರದಲ್ಲೇ ವ್ಯವಸ್ಥೆ ಇರುತ್ತದೆ. ಸೋಮನ ಮುಖ ಎರಡು ಪಕ್ಕವೂ ಒಂದೇ ಥರ, ಯಾರಿಗೆ ಗೊತ್ತಾಗುತ್ತದೆ ಎಂದು ಭಾಗ್ಯ ಅದನ್ನು ಬದಲಾಯಿಸಿರಲಿಲ್ಲ. ನಾವು ಎರಡು ದಿನದಿಂದ ನೋಡುತ್ತಿದ್ದದ್ದು ತಿರುಗಿದ ಸೋಮನನ್ನು. ನಮ್ಮ ಎಡಕ್ಕೆ ಕಂಡ ಹೂ, ಅವರ ತಂದೆ ಸೋಮನ ಎಡಕ್ಕೆ ಮುಡಿಸಿದ ಹೂ.

“ಎಡಕ್ಕೆ ಕೊಟ್ಟ ಸರ್” ಎಂದರು. ದನಿಯಲ್ಲಿ ಅಳು ಇರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು.

ಚಿತ್ರ ತಿರುಗುವುದೆಂದರೆ ಏನೆಂದು ನಮ್ಮ ಕೆಲಸದವರಿಗೆ ಗೊತ್ತು. ಪುಟ ಕಟ್ಟುವವರು ಅಂದಕ್ಕೆಂದು ಫೋಟೊ ತಿರುಗಿಸಿಬಿಡುತ್ತಾರೆ. ಮಾರನೆಯ ದಿನ, ಬಲಗೈಯ ಬೌಲರು ಎಡಗೈಯವನಾದ ಬಗ್ಗೆ ಓದುಗರ ಫೋನು. ನಾವು ತಿದ್ದುಪಡಿ ಹಾಕುತ್ತೇವೆ. ಏಕೆಂದರೆ ನಮಗೆ ಆ ಮೂಲ ಮನುಷ್ಯನೇ ನಿಜ, ಚಿತ್ರವಲ್ಲ. ಇಲ್ಲಿ ಹೂ ಬಿದ್ದದ್ದು ಚಿತ್ರದಲ್ಲಿ ಮಾತ್ರ. ಮೂಲದಲ್ಲಿ ಬೀಳಲೇ ಇಲ್ಲ. ಹಾಗಿದ್ದರೆ ಯಾರ ಎಡ, ಯಾರ ಬಲ? ಇದನ್ನು ಭಾಗ್ಯ ಅವರಿಗೆ ಹೇಳಿ ನೋಡಿದೆ. ಅವರು ಕೇಳಿಸಿಕೊಂಡರು, ಒಪ್ಪಲಿಲ್ಲ. ಪ್ರೊಜೆಕ್ಟರು ಆರಿಸಿದರು. ಮುಂದಿನ ದಿನಗಳಲ್ಲಿ ಬಂದವರು ಕತ್ತಲ ಕೋಣೆಯಲ್ಲಿ ಬರಿಯ ಬಿಳಿ ಮುಖವಾಡವನ್ನು ನೋಡಿಕೊಂಡು ಹೋದರು. ಅದೂ ಒಂದು ಕಲೆ ಇರಬೇಕೆಂದು ಕೆಲವರು ಮೆಚ್ಚಿದರು.

ಪ್ರದರ್ಶನದ ಕೊನೆಯ ದಿನ ಗಂಗಣ್ಣ ಅಣ್ಣನನ್ನು ಕಾರಿನಲ್ಲಿ ಕರೆತಂದರು. ಪ್ಲಾಸ್ಟಿಕ್ ಕುರ್ಚಿ ಸಮೇತ ಮಹಡಿಗೆ ಹೊತ್ತು ತಂದು ಕೂರಿಸಿದೆವು. ತೆಳ್ಳಗಿನ ಮನುಷ್ಯ, ಚೂಪು ಕಣ್ಣು. ಏನು ಹೇಳಿದರೂ ಹೂಂ ಎಂಬಂತೆ ತಲೆ ಆಡಿಸುತ್ತಿದ್ದರು. “ಕಾಪಿ ಬೇಕಾ ಅಂದ್ರೂ ಆಡುಸ್ತಾನೆ, ಕಾಗೆ ಬೇಕಾ ಅಂದ್ರೂ ಆಡುಸ್ತಾನೆ” ಎಂದರು ಗಂಗಣ್ಣ. ಆಮೇಲೆ ಮುಖವಾಡದ ಕಡೆ ನೋಡಿ, “ಯಾಕವ್ವ ಆರ್ಸಿದ್ದೀಯ? ಹೂ ಕೊಟ್ಟಾಯ್ತಲ್ಲ?” ಎಂದು ಕೇಳಿದರು.

ಭಾಗ್ಯ ತಿರುಗಿದ ಚಿತ್ರದ ವಿಚಾರ ಹೇಳಿದರು. ಗಂಗಣ್ಣನಿಗೆ ಅರ್ಥವಾಗಲು ಅಂಗೈ ತಿರುಗಿಸಿ ತೋರಿಸಬೇಕಾಯಿತು. ಅರ್ಥವಾದ ಮೇಲೆ ಅವರಿಗೆ ಸಿಟ್ಟೇ ಬಂತು.

“ಅಲ್ಲಾ ಕಣೇ, ನೀನು ಮಿಷನ್ನ ಯಾವ ಕಡೆ ತಿರುಗಿಸ್ಕಂಡಿದ್ದೀಯ ಅಂತ ಅವನಿಗೆ ಗೊತ್ತಾಗಲ್ವಾ? ಕೂತಿದ್ದೋನು ನಾನು. ನನಗೆ ಕಾಣಂಗೆ ತಾನೆ ಕೊಡ್ಬೇಕು ಅವನು?”

ಭಾಗ್ಯ ತಂದೆಯ ಎದುರು ಮಂಡಿಯೂರಿ ಕೂತರು. “ಅಪ್ಪಾ, ನನ್ನಿಂದಾನೇ ಹಿಂಗಾಯ್ತಾ?”

ತಂದೆ ತಲೆ ಆಡಿಸಿದರು. ಹೂಂ.

ಗಂಗಣ್ಣ ಧಾವಿಸಿ ಬಂದು ಅಣ್ಣನ ಭುಜ ಹಿಡಿದರು. “ಅಣ್ಣಯ್ಯ, ಸರಿಯಾಗಿ ಕೇಳಿಸ್ಕೋ. ಇವಳಿಂದ ಏನೂ ಆಗಿಲ್ಲ ತಾನೆ?”

ಅದಕ್ಕೂ ತಲೆ ಆಡಿಸಿದರು. ಹೂಂ.

“ನೋಡ್ದಾ? ನಿಮ್ಮಪ್ಪ ಎರಡೂ ಕಡೆಗೂ ಹೂ ಕೊಟ್ಟ” ಎಂದರು ಗಂಗಣ್ಣ. ಭಾಗ್ಯ ಅವರಿಗೆ ನಗು ಬಂತು, ತಡೆಯಲಾಗಲಿಲ್ಲ. ನಗುತ್ತಲೇ ತಂದೆಯ ಮಡಿಲಿಗೆ ತಲೆ ಇಟ್ಟು ಬಹಳ ಹೊತ್ತು ಅತ್ತರು. ತಂದೆ ಎಡಗೈಯನ್ನು ಅವರ ತಲೆಯ ಮೇಲೆ ಇಟ್ಟಿದ್ದರು. ಇಡಲು ಅವರೇ ಎತ್ತಿದರೋ, ಗಂಗಣ್ಣ ಎತ್ತಿಟ್ಟರೋ, ನಾನು ನೋಡಲಿಲ್ಲ. ನೋಡಬೇಕಿತ್ತು.

ಆಮೇಲೆ ಭಾಗ್ಯ ಎದ್ದು ಹಿಂದಕ್ಕೆ ಹೋಗಿ, ಚಿತ್ರವನ್ನು ಸರಿಯಾದ ಕಡೆಗೆ ತಿರುಗಿಸಿ, ಪ್ರೊಜೆಕ್ಟರು ಹಚ್ಚಿದರು. ತಂದೆ ತಮ್ಮದೇ ಕೈಗಳು ಬಂದು ಹೂ ಮುಡಿಸುವುದನ್ನು ನೋಡಿದರು. ಬಾಗಿಲು ಹಾಕುವವರೆಗೂ ಕೂತಿದ್ದರು. ಹೂಗಳು ಬೀಳಲಿಲ್ಲ.

ನನ್ನ ಮೊಬೈಲಿನ ಆ ರೆಕಾರ್ಡಿಂಗನ್ನು ಆಗಾಗ ಕೇಳುತ್ತೇನೆ. ದನಿ ನನ್ನದೇ, ಸಂಶಯವಿಲ್ಲ. ಕಣ್ಣು ಕಂಡದ್ದನ್ನು ಕ್ಯಾಮೆರಾ ಕಾಣದೆ ಹೋದದ್ದು ಹೇಗೆ, ಅಥವಾ ಇಲ್ಲದ್ದನ್ನು ನನ್ನಂಥವನ ಕಣ್ಣು ಅಷ್ಟು ವಿವರವಾಗಿ ಕಂಡದ್ದು ಹೇಗೆ ಎಂದು ಪ್ರತಿ ಸಲವೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಭಾಗ್ಯ ಈಗಲೂ ತಂದೆಗೆ ಊಟ ತಿನ್ನಿಸುತ್ತಾರೆ. ಗುಬ್ಬಿಯಲ್ಲಿ ಎದುರಾದಾಗ ಅದೂ ಇದೂ ಮಾತಾಡಿ, ಕೊನೆಗೆ ಕೇಳಿಯೇ ಕೇಳುತ್ತಾರೆ: “ಸರ್, ನೀವು ನಿಜವಾಗ್ಲೂ ನೋಡಿದ್ರಾ?” ನನ್ನಿಂದ ಅವರಿಗೆ ಬೇಕಾದದ್ದು ಏನೆಂದು ನನಗೆ ಗೊತ್ತು. ‘ದೇವರ ಬಲ’ ಎಂದು ಸೇರಿಸಿದರೆ ಅವರ ಮನಸ್ಸು ಹಗುರವಾಗಬಹುದೆಂದೂ ಗೊತ್ತು. “ನೋಡಿದೆ ಮೇಡಂ. ನಮ್ಮ ಎಡಗಡೆಯ ಹೂ ಬಿತ್ತು” ಎನ್ನುತ್ತೇನೆ. ಅವರು ಮುಂದಿನ ಮಾತಿಗಾಗಿ ಸ್ವಲ್ಪ ಹೊತ್ತು ಕಾಯುತ್ತಾರೆ. ನನಗೆ ಗೊತ್ತಿರುವುದು ಅಷ್ಟೇ.