ಮೇಲಿದ್ದವಳ ಉಸಿರು

ಮೊನ್ನೆ ಮರಳೂರಿನ ಮನೆಯ ಹಿತ್ತಿಲ ಗೋಡೆಗೆ ಬಳಿಯಲೆಂದು ಬಕೆಟ್ಟಿನಲ್ಲಿ ಚಿಪ್ಪು ಸುಣ್ಣಕ್ಕೆ ನೀರು ಹುಯ್ದೆ. ಬುಸ್ಸೆಂದು ಬಿಸಿ ವಾಸನೆ ಎದ್ದಿದ್ದೇ, ಕುಣಿಗಲ್ ಕೆರೆಯ ನನ್ನ ಹಳೆಯ ಭಯಗಳೆಲ್ಲ ಸಾಲಾಗಿ ಬಂದು ನಿಂತವು. ತೂಬು ಎಳೆದುಕೊಳ್ಳಬಹುದು. ಜೊಂಡಿನ ಬೇರು ಕಾಲಿಗೆ ಸುತ್ತಬಹುದು. ನೀರುಹಾವು ಕಚ್ಚಬಹುದು, ತನಗೆ ವಿಷವಿಲ್ಲವೆಂದು ಅದಕ್ಕೆ ಗೊತ್ತಿರಬೇಕಲ್ಲ! ಹಗ್ಗ ಹರಿಯಬಹುದು... ಇಷ್ಟನ್ನೂ ದಿನಾ ಒಪ್ಪಿಸುತ್ತಿದ್ದೆ. ಅಕ್ಕ ಸೆರಗು ಬಿಗಿದು, “ಮುಗೀತೇನೇ ನಿನ್ ಪುರಾಣ? ಮುಳುಗ್ಲಾ ಇನ್ನ?” ಎನ್ನುತ್ತಿದ್ದಳು.

ಒಡಹುಟ್ಟಿದವಳಲ್ಲ, ಪಕ್ಕದ ಮನೆಯವಳು. ತೊಂಬತ್ತರ ದಶಕದಲ್ಲಿ ಮದುವೆಯಾಗಿ ಕುಣಿಗಲ್ಲಿಗೆ ಬಂದ ನನ್ನನ್ನು ನೀರಿಗಿಳಿಸಿದವಳು. ಕೆರೆಯ ತಳದಿಂದ ಕಪ್ಪೆಚಿಪ್ಪು ಹೆಕ್ಕಿ ಸುಣ್ಣದ ಗೂಡಿಗೆ ಹಾಕುವುದು ನಮ್ಮ ಬದುಕು. ಅವಳು ಮುಳುಗುವವಳು, ಅವಳ ಸೊಂಟದ ಹಗ್ಗ ಹಿಡಿದು ಎದೆಮಟ್ಟ ನೀರಿನಲ್ಲಿ ನಿಲ್ಲುವವಳು ನಾನು. ಅದಕ್ಕೊಂದು ಕಟ್ಟಳೆಯಿತ್ತು. ಕೆಳಗಿದ್ದವಳ ಜೊತೆ ಮೇಲಿದ್ದವಳೂ ಉಸಿರು ಕಟ್ಟಬೇಕು. ಮೇಲಿನ ಉಸಿರು ಮುಗಿದರೆ ಹಗ್ಗ ಜಗ್ಗಬೇಕು. ಜಗ್ಗಿದರೆ ಕೆಳಗಿದ್ದವಳು ಕೈಯಲ್ಲಿದ್ದದ್ದು ಬಿಟ್ಟು, ಏನೂ ಯೋಚಿಸದೆ, ಹಗ್ಗದ ಗುಂಟ ನೆಟ್ಟಗೆ ಏಳಬೇಕು. ನನ್ನದು ಪುಕ್ಕಲು ಉಸಿರು, ಅರ್ಧಕ್ಕೇ ಜಗ್ಗುತ್ತಿದ್ದೆ. “ನಿನ್ ಕೈಲಿ ಹಗ್ಗ ಇರೋವರ್ಗೂ ನಾನ್ ಸಾಯಾಕಿಲ್ಲ ಬುಡು” ಎಂದು ನಗುತ್ತಿದ್ದಳು.

ಮೀನಿನ ಕಂಟ್ರಾಕ್ಟರನ ಆಳುಗಳು, ನಾವು ಬಲೆ ಹರಿಯುತ್ತೇವೆಂದು ತಗಾದೆ ತೆಗೆದರು. ಮೊದಲು ಬೈದರು, ಆಮೇಲೆ ಬುಟ್ಟಿ ತುಳಿದರು. ಒಂದು ದಿನ ಒಬ್ಬ ನನ್ನ ತುರುಬು ಹಿಡಿದು ತಲೆಯನ್ನು ಸೋಪಾನದ ಕಲ್ಲಿಗೆ ಬಡಿದ. ಅಕ್ಕ ಅವನ ಹೆಬ್ಬೆರಳಿಗೆ ಬಾಯಿ ಹಾಕಿದಳು. ಮೂಳೆ ಕಟಕ್ಕೆಂದ ಮೇಲೇ ಬಿಟ್ಟದ್ದು. ರಕ್ತ ಉಗುಳಿ, “ಥೂ, ಸೋಮ್ವಾರದ ದಿನ ಬಾಡು ಮುಟ್ಟಿಸ್ಬುಟ್ಟ ಕಣೇ!” ಎಂದಳು. ಹಣೆಯಿಂದ ರಕ್ತ ಸುರಿಯುತ್ತಿದ್ದರೂ ನಾನು ನಕ್ಕೆ.

ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡವನು ಮೂರನೇ ದಿನ ಇನ್ನೊಬ್ಬನೊಂದಿಗೆ ತೆಪ್ಪದಲ್ಲಿ ಬಂದ. ಅಕ್ಕ ಆಗಷ್ಟೇ ಮುಳುಗಿದ್ದಳು.

“ಎಲ್ಲವ್ಳೆ ಅವ್ಳು?”

ಉಸಿರು ಕಟ್ಟಿದ್ದೆ, ಬಾಯಿ ಬಿಡಲಿಲ್ಲ. ಉಬ್ಬಿದ ನನ್ನ ಕೆನ್ನೆ ನೋಡಿದ. ಹಗ್ಗ ನೋಡಿದ. ಅದು ನೀರಿಗಿಳಿದ ಜಾಗಕ್ಕೆ ಸರಿಯಾಗಿ ಹುಟ್ಟು ಎತ್ತಿ ನಿಂತ. ನಾನು ಹಾಗೇ ಉಸಿರು ಹಿಡಿದಿದ್ದರೆ... ತೆಪ್ಪದ ನೆರಳು ಕೆಳಗೆ ಕಾಣುತ್ತದೆ. ಅವಳು ಹಗ್ಗ ಬಿಚ್ಚಿ ಜೊಂಡಿನ ಮರೆಯಲ್ಲಿ ಎದ್ದಿರುತ್ತಿದ್ದಳು. ಆದರೆ ಇನ್ನೊಬ್ಬ ನನ್ನ ಎದೆಗೆ ಒದ್ದ. ಉಸಿರು ಹಾರಿತು. ಕೈ ತಾನಾಗಿ ಜಗ್ಗಿತು.

ಅಕ್ಕ ನೆಟ್ಟಗೆ ಎದ್ದಳು. ಹುಟ್ಟು ಕಿವಿಗೂ ದವಡೆಗೂ ನಡುವೆ ಬಿತ್ತು. ಆ ಸದ್ದು... ತೆಂಗಿನಕಾಯಿ ಒಡೆದ ಹಾಗೆ. ನೀರು ಕೆಂಪಾಯಿತು. ಅಷ್ಟರಲ್ಲೂ ಅವಳು ತೆಪ್ಪದ ಅಂಚು ಹಿಡಿದು ಮಗುಚಿದಳು. ಹುಟ್ಟು ಬೀಸಿದ್ದವನು ನೀರಿಗೆ ಬಿದ್ದ. ಅವನ ಮುಖಕ್ಕೆ ನಾನು ಚಿಪ್ಪಿನ ಬುಟ್ಟಿಯಿಂದ ಬಡಿದೆ. ಏರಿಯ ಮೇಲಿದ್ದ ಜನ ಓಡಿ ಬಂದು ಬಿಡಿಸುವವರೆಗೂ ಬಡಿಯುತ್ತಲೇ ಇದ್ದೆ.

ಅಕ್ಕ ಉಳಿದಳು. ಒಂದು ಕಿವಿ ಹೋಯಿತು, ದವಡೆ ಸೊಟ್ಟಗೆ ಕೂಡಿತು, ಮತ್ತೆ ನೀರಿಗಿಳಿಯಲಿಲ್ಲ. ಗುಬ್ಬಿಯಲ್ಲಿದ್ದ ಮಗಳ ಮನೆ ಸೇರಿದಳು. ಅಲ್ಲಿಗೆ ಹೋಗಿ ಕಾಲ ಬಳಿ ಕೂತು ಅತ್ತಾಗ, ಸೊಟ್ಟ ಬಾಯಲ್ಲೇ ಗದರಿದಳು: “ನೀನ್ ಜಗ್ದೆ, ನಾನ್ ಬಂದೆ. ಅಷ್ಟೇ ಕಣೇ. ಅಳ್ಬ್ಯಾಡ, ಕೇಳ್ಸಾಕಿಲ್ಲ ನಂಗೆ.” ಎರಡು ವರ್ಷದ ಮೇಲೆ ಹೋದಾಗ ಗೋಡೆಯಲ್ಲಿ ಹಾರ ಹಾಕಿದ ಅವಳ ಫೋಟೋ ಇತ್ತು.

ಬಕೆಟ್ಟಿನಲ್ಲಿ ಸುಣ್ಣ ಆರಿತ್ತು. ಕುಂಚ ಹಿಡಿದು ನಿಂತಿದ್ದೆ. ತೂಬು ಎಳೆದುಕೊಳ್ಳಲಿಲ್ಲ. ಬೇರು ಸುತ್ತಲಿಲ್ಲ. ಹಾವು ಕಚ್ಚಲಿಲ್ಲ. ಹಗ್ಗವೂ ಹರಿಯಲಿಲ್ಲ.

ನಾನು ಒಂದು ಸಲ ಜಗ್ಗಿದೆ.