ಗಾಯದ ವಾಸನೆ ಹೋದ ದಿನ

ಮೊಮ್ಮಗಳು ಇವತ್ತು ನನ್ನ ಮಡಿಲಲ್ಲಿ ನಿದ್ದೆ ಮಾಡಿದಳು! ಐದು ತಿಂಗಳ ಕೂಸು, ಒಂದು ಗಂಟೆ ಹೊತ್ತು ಮಲಗಿದ್ದಳು. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಕೂಡಿಸಿಯಾದರೂ ಇದನ್ನು ಬರೆದೇ ತೀರಬೇಕು ಅನ್ನಿಸಿತು.

ನನ್ನ ಎಡ ಮೊಲೆಯ ಕ್ಯಾನ್ಸರ್ ಚರ್ಮ ಒಡೆದು ಗಾಯವಾಗಿತ್ತು. ನೋವನ್ನಾದರೂ ನುಂಗಿಕೊಳ್ಳಬಹುದು, ವಾಸನೆಯನ್ನು ಬಚ್ಚಿಡುವುದೆಲ್ಲಿ? ಸೊಸೆ ಬಾಣಂತನ ಮುಗಿಸಿಕೊಂಡು ನಮ್ಮೂರು ಜಂಗಮಕೋಟೆಗೆ ಬಂದ ದಿನ "ತಗೊಳ್ಳಿ ಅತ್ತೆ" ಎಂದು ಕೂಸನ್ನು ಚಾಚಿದರೆ ನಾನು ಹಿಂದೆ ಸರಿದೆ. ಅದನ್ನು ಎತ್ತಿಕೊಳ್ಳದೆಯೇ ಹೋಗಿಬಿಡುತ್ತೇನೇನೋ ಎಂಬುದೊಂದೇ ನನ್ನ ಸಂಕಟ.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳುವಿಗೆ ರೋಗ ತಗಲದಿರಲೆಂದು ಸುಣ್ಣದ ಪುಡಿ ಉದುರಿಸುತ್ತೇವೆ. ನನಗೂ ಆಗಲಿ ಎಂದು ಅದನ್ನೇ ಗಾಯಕ್ಕೆ ಉದುರಿಸಿ ಹಳೇ ಸೀರೆಯ ಬಟ್ಟೆ ಕಟ್ಟಿದೆ. ಉರಿಯಿತು, ಬಟ್ಟೆ ಅಂಟಿತು, ಎಳೆದಾಗ ರಕ್ತ ಬಂತು.

ಸೊಸೆಗೆ ಗೊತ್ತಾಗಿ, ಶಿಡ್ಲಘಟ್ಟದಿಂದ ಸ್ಕೂಟರಿನಲ್ಲಿ ಮನೆಮನೆಗೆ ಬರುವ ನರ್ಸಮ್ಮನನ್ನು ಕರೆಸಿದಳು.

"ಅಜ್ಜಿ, ಇದೇನು ಬಿಳೀದು?"

"ಹುಳದ ಪುಡಿ ಕಣಮ್ಮ."

"ಹುಳಕ್ಕೆ ಹಾಕೋದನ್ನ ನೀವ್ಯಾಕೆ ಹಾಕ್ಕೊಂಡ್ರಿ? ನೀವೇನು ಗೂಡು ಕಟ್ತೀರಾ?"

ಬಾಗಿಲಾಚೆ ಇದ್ದ ನಮ್ಮ ಯಜಮಾನರು, "ಕಟ್ಟಿದ್ರೆ ಮಾರ್ಕೆಟ್ಟಿಗೆ ತಗೊಂಡೋಗ್ತೀನಿ ಬಿಡಮ್ಮ, ಒಳ್ಳೆ ರೇಟು ಬರ್ತದೆ" ಎಂದರು.

ನರ್ಸಮ್ಮ ಬಟ್ಟೆಯನ್ನು ಎಳೆಯಲಿಲ್ಲ. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ನೆನೆಸಿ ನೆನೆಸಿ, ತಾನಾಗಿ ಬಿಡುವ ತನಕ ಕಾದಳು. ಸುಣ್ಣವನ್ನೆಲ್ಲ ತೊಳೆದು, ವಾಸನೆ ಹೋಗಲೆಂದು ಅವಳ ಆಸ್ಪತ್ರೆಯ ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಪುಡಿ ಮಾಡಿ ಉದುರಿಸಿ, ಅಂಟದಂಥ ಪಟ್ಟಿ ಹಾಕಿದಳು. ಒಂದು ಸಲವೂ ಮೂಗು ಮುಚ್ಚಿಕೊಳ್ಳಲಿಲ್ಲ, ನನ್ನ ತಾಯಿ!

"ಗಾಯ ಮಾಯೋದಿಲ್ಲ ಅಜ್ಜಿ, ಸುಳ್ಳು ಹೇಳಲ್ಲ. ವಾಸನೆ ಕಮ್ಮಿ ಮಾಡ್ಬೋದು."

ಸೊಸೆ ಪಕ್ಕದಲ್ಲೇ ನಿಂತು ಕಲಿತಳು. ಆಮೇಲೆ ದಿನಾ ಅವಳೇ ಕಟ್ಟಿದಳು. ಇವತ್ತಿಗೆ ಹತ್ತು ದಿನ. ಬೆಳಗ್ಗೆ ಪಟ್ಟಿ ಬದಲಾಯಿಸಿ, ಬಗ್ಗಿ ಮೂಸಿ ನೋಡಿದಳು.

"ಅತ್ತೆ, ಏನೂ ಇಲ್ಲ!"

"ನಿಜ ಹೇಳೇ."

"ನಂಬ್ದೇ ಇದ್ರೆ ನಿಮ್ಮ ಮೊಮ್ಮಗಳನ್ನೇ ಕೇಳಿ" ಎಂದು ಕೂಸನ್ನು ನನ್ನ ಬಲಗಡೆಗೆ ಒರಗಿಸಿಯೇ ಬಿಟ್ಟಳು. ಅದು ನನ್ನ ಸೆರಗು ಜಗ್ಗಿ, ಆಕಳಿಸಿ, ನಿದ್ದೆ ಹೋಯಿತು. ಅಳು, ನಗು ಎರಡೂ ಒಟ್ಟಿಗೆ ಬಂದವು. ಅಲುಗಾಡಿದರೆ ಎದ್ದಾಳೆಂದು ಎರಡನ್ನೂ ತಡೆದುಕೊಂಡೆ.

ಸಂಜೆ ಮಗ ಹುಳುವಿಗೆ ಸೊಪ್ಪು ಕೊಟ್ಟು ಬಂದ ಮೇಲೆ ನಡುಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತೆವು. ಬಿಸಿ ಮುದ್ದೆ, ಹಿದಕಿದ ಬೇಳೆ ಸಾರು. ಮಡಿಲಲ್ಲಿದ್ದ ಕೂಸು ನನ್ನ ತಟ್ಟೆಗೆ ಕೈ ಚಾಚಿತು.

"ನಿಂಗಿನ್ನೂ ಹಲ್ಲಿಲ್ಲ ಕಣಮ್ಮ" ಎಂದೆ.

"ನಿಂಗೇನು ಬಾಯ್ತುಂಬ ಇದಾವಾ?" ಎನ್ನುತ್ತ ಯಜಮಾನರು ನನಗೆ ಇನ್ನೊಂದು ಸೌಟು ಸಾರು ಬಡಿಸಿದರು.