ಕುಣಿಗಲ್ಲಿನ ಸೂಜಿ

ಮೊದಲು ಗೊತ್ತಾಗಿದ್ದು ನನಗಲ್ಲ, ಅಂಗಡಿಗೆ ಬಂದ ಗಿರಾಕಿಗೆ.

ತುಮಕೂರಿನ ಸೀರೆ ಅಂಗಡಿಯೊಂದರಲ್ಲಿ ಸೀರೆ ತೋರಿಸುವುದು ನನ್ನ ಕೆಲಸ. ಆ ವರ್ಷ ಎಲ್ಲರಿಗೂ ನಿಂಬೆ ಹಳದಿಯೇ ಬೇಕು. ಮಾಲೀಕರು ನಮಗೂ ಅದನ್ನೇ ಉಡಿಸಿ ನಿಲ್ಲಿಸಿದ್ದರು. ಕನ್ನಡಿಯಲ್ಲಿ ಮುಖ ಹಳದಿ ಕಂಡರೆ ಸೀರೆಯ ಛಾಯೆ ಅಂದುಕೊಂಡೆ. ಊಟ ಸೇರುತ್ತಿರಲಿಲ್ಲ. ಸುಸ್ತು. ಎಳೆ ಮಗುವಿನ ತಾಯಿ, ಇರುವುದೇ ಹೀಗೆ ಎಂದರು ಅತ್ತೆ.

ಆ ಗಿರಾಕಿ ಹೆಂಗಸು ಸೀರೆ ಬಿಟ್ಟು ನನ್ನನ್ನೇ ನೋಡಿದರು. "ಕಣ್ಣು ನೋಡ್ಕೊಂಡಿದೀಯೇನಮ್ಮ? ಅರಿಶಿನ ಹಚ್ದಂಗಿದೆ."

ಕಾಮಾಲೆ.

ರಕ್ತದಲ್ಲಿ ಬಿಲಿರುಬಿನ್ ಜಾಸ್ತಿ ಇದೆ ಎಂದು ಡಾಕ್ಟರು ಅಡ್ಮಿಟ್ ಮಾಡಿಕೊಂಡರು. ನೀರಿನಿಂದ ಬಂದಿರಬೇಕು ಎಂದರು. ನಾನು ಒಪ್ಪಲಿಲ್ಲ. ಮನೆಯವರೆಲ್ಲ ಕುಡಿದದ್ದು ಅದೇ ನೀರು. ಕೆಲವು ತಿಂಗಳ ಹಿಂದೆ ಕುಣಿಗಲ್ಲಿಗೆ ನಾದಿನಿಯ ಮನೆಗೆ ಹೋಗಿದ್ದಾಗ ಅಲ್ಲಿ ಕಾಲರಾ ಹಬ್ಬಿತ್ತು. ಬಸ್ ಸ್ಟ್ಯಾಂಡಿನಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಆರೋಗ್ಯ ಇಲಾಖೆಯವರು ಇಂಜೆಕ್ಷನ್ ಇಲ್ಲದೆ ಯಾರನ್ನೂ ಬಸ್ ಹತ್ತಲು ಬಿಡಲಿಲ್ಲ. ನನ್ನ ಮುಂದಿನವರಿಗೆ ಚುಚ್ಚಿದ ಸೂಜಿಯನ್ನು ಹತ್ತಿಯಲ್ಲಿ ಒರೆಸಿ ನನಗೂ ಚುಚ್ಚಿದರು.

"ಆ ಸೂಜಿಯಿಂದ್ಲೇ ಬಂದಿದ್ದು ಡಾಕ್ಟ್ರೇ."

"ಹಾಗಂತ ಹೇಗಮ್ಮ ಹೇಳ್ತೀರಾ?"

"ನೀರು ಅಂತ ನೀವು ಹೇಗೆ ಹೇಳ್ತೀರಿ?"

ಅವರು ಚಾರ್ಟ್ ನೋಡುತ್ತಾ ನಿಂತರು. "ಇರ್ಬೋದು. ಇಲ್ಲ ಅನ್ನಲ್ಲ."

ಅದಕ್ಕಿಂತ ಹೆಚ್ಚು ಯಾರೂ ಹೇಳಲಿಲ್ಲ.

ಮಗುವಿಗೂ ಅಂಟೀತೆಂದು ಹಾಲು ಬಿಡಿಸಿ, ಅತ್ತೆ ಅವಳನ್ನು ಗುಬ್ಬಿಯಲ್ಲಿದ್ದ ತಮ್ಮ ಮನೆಗೆ ಕರೆದುಕೊಂಡು ಹೋದರು. ಹಾಲು ಕಟ್ಟಿ ನನ್ನ ಎದೆ ಕಲ್ಲಾಗಿ ನೋಯುತ್ತಿತ್ತು. ನಮ್ಮೆಜಮಾನರು ಕಾಮಾಲೆಗೆಂದು ನೆಲನೆಲ್ಲಿ ಸೊಪ್ಪು ಅರೆಸಿ ತಂದರೆ ಅದನ್ನೂ ಮೂಸಿ ನೋಡಿಯೇ ಕುಡಿದೆ. ಸೂಜಿಗಳನ್ನು ಕುದಿಸಿ ಮತ್ತೆ ಮತ್ತೆ ಬಳಸುತ್ತಿದ್ದ ಕಾಲ ಅದು. ಗ್ಲೂಕೋಸ್ ಹಾಕಲು ನರ್ಸ್ ಬಂದರೆ, ಈ ಸೂಜಿ ಮೊದಲು ಯಾರಿಗೆ ಚುಚ್ಚಿದ್ದು ಎಂದು ಕೇಳುತ್ತಿದ್ದೆ. ವಾರ್ಡಿನಲ್ಲಿ ನನಗೆ 'ಅನುಮಾನದಮ್ಮ' ಎಂದು ಹೆಸರು ಬಿತ್ತು. ನಿಧಾನಕ್ಕೆ ಹಳದಿ ಇಳಿಯಿತು. ಸೊಪ್ಪಿನಿಂದಲೋ, ಗ್ಲೂಕೋಸಿನಿಂದಲೋ, ಬರೀ ಮಲಗಿದ್ದರಿಂದಲೋ, ತಿಳಿಯದು.

ಗುಬ್ಬಿಗೆ ಹೋದೆ. ಮಗಳು ನನ್ನನ್ನು ಕಂಡು ಅತ್ತಳು.

ಅತ್ತೆಯ ಸೆರಗು ಹಿಡಿದುಕೊಂಡಳು.

ಆಗ ಆ ಬೀದಿಯಲ್ಲಿ ನಾಯಿಕೆಮ್ಮು. ಅದು ಬರದಂತೆ ಮಗುವಿಗೆ ಟ್ರಿಪಲ್ ಇಂಜೆಕ್ಷನ್ ಹಾಕಿಸಬೇಕೆಂದರು ಅತ್ತೆ. ಸಾಧ್ಯವೇ ಇಲ್ಲ ಎಂದೆ. ನನಗೆ ಆದದ್ದು ಸಾಲದೇ?

"ಪಕ್ಕದ್ಮನೆ ಮಗ ಕೆಮ್ಮಿ ಕೆಮ್ಮಿ ನೀಲಿಗಟ್ತು ಕಣಮ್ಮ," ಎಂದರು. "ನಿನ್ನ ಅನುಮಾನ ಇಟ್ಕೊಂಡೇ ಹೋಗು. ಹೋಗೋದು ಮಾತ್ರ ಬುಡಬ್ಯಾಡ."

ಎರಡು ದಿನ ಅವರೊಂದಿಗೆ ಮಾತಾಡಲಿಲ್ಲ. ಆಮೇಲೆ ಪಕ್ಕದ ಮನೆಯ ಕೆಮ್ಮು ಗೋಡೆ ದಾಟಿ ಕೇಳಿಸಿತು. ಮಗಳನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಟೆ.

"ಸೂಜಿ ನನ್ನ ಕಣ್ಣೆದುರು ಕುದಿಸಿ ಸಿಸ್ಟರ್."

"ಬೆಳಗ್ಗೇನೇ ಕುದಿಸಿದೀವಿ. ನಮಗೇನು ಬೇರೆ ಕೆಲಸ ಇಲ್ವಾ?"

ನಾನು ಜಾಗ ಬಿಡಲಿಲ್ಲ. ಸಾಲಿನಲ್ಲಿದ್ದ ತಾಯಂದಿರು ಗೊಣಗಿದರು. ಕೊನೆಗೆ ಸಿಸ್ಟರ್ ಸಿಡುಕುತ್ತಲೇ ಸ್ಟವ್ ಹಚ್ಚಿದರು. ನೀರು ಮರಳುವವರೆಗೂ ಪಾತ್ರೆಯಿಂದ ಕಣ್ಣು ಕೀಳಲಿಲ್ಲ. ಹಿಂದಿನಿಂದ ಯಾರೋ ಮೆಲ್ಲಗೆ, "ನಮ್ಮ ಮಗೀಗೂ ಹಂಗೇ ಮಾಡಿ ಸಿಸ್ಟರ್" ಎಂದರು.

ಮಗಳು ಚೀರಿ, ನನ್ನ ಕುತ್ತಿಗೆಯನ್ನೇ ತಬ್ಬಿಕೊಂಡಳು. ಸಂಜೆ ಸ್ವಲ್ಪ ಜ್ವರ ಬರುತ್ತೆ, ಹೆದರಬೇಡಿ ಎಂದರು ಸಿಸ್ಟರ್. ಮುಂದಿನ ತಿಂಗಳು ಇನ್ನೊಂದಿದೆ ಎಂದರು.

"ಬರ್ತೀನಿ," ಎಂದೆ.

"ಸ್ವಲ್ಪ ಬೇಗ ಬನ್ನಿ. ಕುದಿಸಕ್ಕೆ ಟೈಮ್ ಬೇಕು."